‘ಊರು’ ಎಂಬ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹೊಸಬರ ಪರಿಚಯವಾದರೆ ಹೆಸರು ಕೇಳಿದ ಮೇಲೆ ಬರುವ ಮುಂದಿನ ಪ್ರಶ್ನೆ ‘ನಿಮ್ಮೂರು ಯಾವುದು?’. ನಮ್ಮ ನಗರದ ಹೆಸರಿನ ಕೊನೆಯಲ್ಲೂ ಇದೇ ಪದ ಇದೆ. ಈ ಎರಡಕ್ಷರದ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಕಥೆಗಳೂ ಬಹಳ. ಇರಾಕಿನ ‘ಊರ್’ ನಮ್ಮದೇ, ಜರ್ಮನ್ನರ ‘ಉರ್’ ನಮ್ಮಿಂದಲೇ ಹೋಗಿದ್ದು, ‘ಪುರ’ ಸವೆದು ‘ಊರು’ ಆಯಿತು, ಹೀಗೆ. ಇವುಗಳಲ್ಲಿ ಹೆಚ್ಚಿನವು ನಿಜವಲ್ಲ. ನಿಜವಾದ ಕಥೆ ಇದಕ್ಕಿಂತ ಚೆನ್ನಾಗಿದೆ, ಆದರೆ ಯಾರೂ ಅದನ್ನು ಫಾರ್ವರ್ಡ್ ಮಾಡುವುದಿಲ್ಲ ಅನ್ನೋದೇ ಬೇಸರ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಂದೊಂದಾಗಿ ಉತ್ತರ ಬರೆದಿದ್ದೇನೆ.

ಊರು ಅಂದರೆ ಹಳ್ಳಿಯಾ, ಪಟ್ಟಣವಾ?

ಎರಡೂ ಹೌದು. ಇಪ್ಪತ್ತು ಮನೆ ಇರುವ ಜಾಗವೂ ಊರೇ, ಬೆಂಗಳೂರೂ ಊರೇ. ‘ಹಳ್ಳಿ’, ‘ಪಟ್ಟಣ’, ‘ನಗರ’ ಎಂಬ ಪದಗಳು ಜಾಗದ ಗಾತ್ರವನ್ನು ಹೇಳುತ್ತವೆ. ‘ಊರು’ ಗಾತ್ರ ಹೇಳುವುದಿಲ್ಲ, ಜನ ನೆಲೆ ನಿಂತಿದ್ದಾರೆ ಅನ್ನುವುದನ್ನಷ್ಟೇ ಹೇಳುತ್ತದೆ. ಅದಕ್ಕೇ ಅದರ ಎದುರು ನಿಲ್ಲುವ ಪದ ‘ಕಾಡು’. ತೀರಾ ವಯಸ್ಸಾದವರ ಬಗ್ಗೆ ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಅನ್ನುತ್ತಾರಲ್ವಾ, ಅಲ್ಲಿ ಊರು ಅಂದರೆ ಬದುಕಿರುವವರ ಜಾಗ.

ಇನ್ನೊಂದು ಅರ್ಥವೂ ಇದೆ: ಊರು ಅಂದರೆ ಅಲ್ಲಿನ ಜನ. ‘ಊರೇ ಸೇರಿತ್ತು’, ‘ಊರೆಲ್ಲಾ ಮಾತಾಡ್ತಿದೆ’, ‘ಊರ ಉಸಾಬರಿ ನಿನಗ್ಯಾಕೆ’ ಅಂದಾಗ ಯಾರೂ ಮನೆ, ರಸ್ತೆಗಳ ಬಗ್ಗೆ ಮಾತಾಡುತ್ತಿಲ್ಲ. ಈ ಅರ್ಥ ಹೊಸದಲ್ಲ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ರೈತರ ಹಳ್ಳಿಯ ಆಡಳಿತ ನೋಡಿಕೊಳ್ಳುತ್ತಿದ್ದ ಸಭೆಯ ಹೆಸರೇ ‘ಊರ್’. ಬ್ರಾಹ್ಮಣರ ಅಗ್ರಹಾರದ ಕೂಟಕ್ಕೆ ‘ಸಭೆ’, ವ್ಯಾಪಾರಿಗಳ ಕೂಟಕ್ಕೆ ‘ನಗರಂ’, ಉಳಿದ ಊರುಗಳ ಕೂಟಕ್ಕೆ ‘ಊರ್’ ಅನ್ನುತ್ತಿದ್ದರು. ಅಂದರೆ ತೀರ್ಮಾನ ಮಾಡುವವರು ಮತ್ತು ಅವರು ಇರುವ ಜಾಗ, ಎರಡಕ್ಕೂ ಒಂದೇ ಪದ.

ಇದು ಕನ್ನಡದ ಪದವೇ? ಸಂಸ್ಕೃತದಿಂದ ಬಂದಿದ್ದಲ್ವಾ?

ಸಂಸ್ಕೃತದ್ದಲ್ಲ. ಕನ್ನಡಕ್ಕೆ ಮಾತ್ರ ಸೇರಿದ್ದೂ ಅಲ್ಲ. ದ್ರಾವಿಡ ಭಾಷೆಗಳ ಒಂದು ದೊಡ್ಡ ಗುಂಪಿಗೆ ಸೇರಿದ ಪದ ಇದು. ಹಳಗನ್ನಡದಲ್ಲಿ ‘ಊರ್’, ಈಗ ‘ಊರು’. ತಮಿಳಿನಲ್ಲಿ ‘ಊರ್’, ತೆಲುಗಿನಲ್ಲಿ ‘ಊರು’, ತುಳುವಿನಲ್ಲಿ ‘ಊರು’, ಮಲಯಾಳದಲ್ಲಿ ‘ಊರ್’, ಕೊಡವದಲ್ಲೂ ಹೆಚ್ಚುಕಮ್ಮಿ ಹಾಗೆಯೇ. ಬರೊ ಮತ್ತು ಎಮೆನೊ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಪದಮೂಲಗಳ ನಿಘಂಟು ಮಾಡಿದ್ದಾರೆ, ಅದರ ಎರಡನೇ ಆವೃತ್ತಿ ಬಂದಿದ್ದು 1984ರಲ್ಲಿ. ಅದರಲ್ಲಿ ಇವೆಲ್ಲ ಒಂದೇ ನಮೂದಿನ ಕೆಳಗೆ ಇವೆ.

ಮಧ್ಯ ಭಾರತದ ಗೋಂಡಿಯಲ್ಲಿ ಹಳ್ಳಿಗೆ ‘ನಾರ್’ ಅನ್ನುತ್ತಾರೆ. ಅದು ನಮ್ಮ ‘ನಾಡು’ ಪದದ ಸಂಬಂಧಿ. ನಮಗೆ ನಾಡು ದೊಡ್ಡದು, ಊರು ಚಿಕ್ಕದು. ಅವರಿಗೆ ಆ ಪದವೇ ಹಳ್ಳಿಯಷ್ಟು ಚಿಕ್ಕದು.

‘ಪುರ’ ಸವೆದು ‘ಊರು’ ಆಯಿತು ಅನ್ನುತ್ತಾರಲ್ಲ?

ಕೇಳಲು ಸರಿ ಅನ್ನಿಸುತ್ತದೆ. ಕನ್ನಡದಲ್ಲಿ ‘ಪ’ ಸವೆದು ‘ಹ’ ಆಗಿದೆ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ಹಾಗಾದರೆ ಪುರ, ಹುರ, ಉರ, ಊರು ಅಂತ ಯಾಕೆ ಆಗಿರಬಾರದು?

ಆಗಿರಲಾರದು. ಕಾರಣ ಸರಳ. ಕನ್ನಡದಲ್ಲಿ ಪ ಹೋಗಿ ಹ ಬರಲು ಶುರುವಾಗಿದ್ದು ಹತ್ತನೇ ಶತಮಾನದ ಆಸುಪಾಸಿನಲ್ಲಿ. ಅದಕ್ಕೂ ಮೊದಲಿನ ಶಾಸನಗಳಲ್ಲೇ ‘ಊರ್’ ಇದೆ. ತಮಿಳಿನಲ್ಲಂತೂ ಪ ಇವತ್ತಿಗೂ ಪ ಆಗಿಯೇ ಉಳಿದಿದೆ, ಆದರೂ ಸಂಗಂ ಕಾಲದ ಪದ್ಯಗಳಲ್ಲೇ ‘ಊರ್’ ಧಾರಾಳವಾಗಿ ಸಿಗುತ್ತದೆ. ಪ ಸವೆಯದ ಭಾಷೆಯಲ್ಲಿ ಪ ಸವೆದ ಪದ ಎಲ್ಲಿಂದ ಬರುತ್ತದೆ? ಜೊತೆಗೆ ಪುರದಲ್ಲಿ ಉ ಹ್ರಸ್ವ, ಊರಿನಲ್ಲಿ ಊ ದೀರ್ಘ.

‘ಪುರ’ ಬೇರೆಯದೇ ಮನೆತನದ್ದು. ಅದರ ನಂಟರು ಗ್ರೀಕಿನ ‘ಪೊಲಿಸ್’, ಲಿಥುವೇನಿಯಾದ ‘ಪಿಲಿಸ್’. ಲಿಥುವೇನಿಯಾದವರಿಗೆ ಅದು ಕೋಟೆ. ಎರಡೂ ಮನೆತನಗಳು ನಮ್ಮ ಸುತ್ತಲೇ ಪಕ್ಕಪಕ್ಕದಲ್ಲಿವೆ: ಬೇಗೂರು, ವರ್ತೂರು, ಹಲಸೂರು, ಬೆಳ್ಳಂದೂರು ಒಂದು ಕಡೆ, ಕನಕಪುರ, ಕೃಷ್ಣರಾಜಪುರ, ಸರ್ಜಾಪುರ ಇನ್ನೊಂದು ಕಡೆ. ನಡುವೆ ಬೊಮ್ಮಸಂದ್ರ, ಸಿಂಗಸಂದ್ರದಂಥ ‘ಸಂದ್ರ’ಗಳು. ಆ ಸಂದ್ರ ‘ಸಮುದ್ರ’ದಿಂದ ಬಂದದ್ದು, ಅಂದರೆ ದೊಡ್ಡ ಕೆರೆ.

‘ಬೇರೂರು’, ‘ಕಾಲೂರು’, ‘ಊರುಗೋಲು’ ಇವುಗಳಲ್ಲಿ ಇರೋದೂ ಇದೇ ಊರು ತಾನೇ? ಜನ ಬೇರೂರಿದ ಜಾಗವೇ ಊರು ಅಲ್ವಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಎಷ್ಟು ಚಂದದ ವಿವರಣೆ! ಭಾಷಣಗಳಲ್ಲೂ ಕೇಳಿಬರುತ್ತದೆ. ಆದರೆ ಸರಿಯಲ್ಲ, ಮತ್ತು ಸರಿಯಲ್ಲ ಅಂತ ತೋರಿಸಲು ಒಂದೇ ಒಂದು ಅಕ್ಷರ ಸಾಕು.

ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು. ಒಂದು ಈಗಿನ ‘ರ’. ಇನ್ನೊಂದು ‘ಱ’, ಇದಕ್ಕೆ ಶಕಟರೇಫ ಅನ್ನುತ್ತಾರೆ, ಉಚ್ಚಾರ ಸ್ವಲ್ಪ ಗಡುಸು. ಕಾಲ ಕಳೆದಂತೆ ಱ ಅನ್ನುವುದು ರ ಜೊತೆ ಸೇರಿಹೋಯಿತು, ಬರವಣಿಗೆಯಿಂದಲೂ ಬಿಟ್ಟುಹೋಯಿತು. ಈಗ ಜನ ಇರುವ ಜಾಗ ‘ಊರ್’, ಅದರಲ್ಲಿ ಸಾದಾ ರ. ನೆಲಕ್ಕೆ ಒತ್ತಿ ನಿಲ್ಲಿಸು ಅನ್ನುವ ಕ್ರಿಯಾಪದ ‘ಊಱು’, ಅದರಲ್ಲಿ ಶಕಟರೇಫ. ತಮಿಳಿನಲ್ಲಿ ಇವು ಇವತ್ತಿಗೂ ಬೇರೆ ಬೇರೆಯಾಗೇ ಇವೆ: ಜಾಗಕ್ಕೆ ‘ಊರ್’, ನೆಡು ಅನ್ನುವುದಕ್ಕೆ ‘ಊನ್ಱು’. ಅಲ್ಲಿ ನಡುವೆ ಒಂದು ನಕಾರವೂ ಇದೆ. ಬೇರೂರು, ಕಾಲೂರು, ನೆಲೆಯೂರು, ಊರುಗೋಲು ಎಲ್ಲವೂ ಈ ಎರಡನೇ ಪದದ ಮಕ್ಕಳು.

ಕನ್ನಡದ ಎರಡು ರಕಾರ ಒಂದಾಗದೆ ಇದ್ದಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಶಾಲೆಯಲ್ಲಿ ಱ ಮತ್ತು ೞ ಎರಡನ್ನೂ ಸುಮ್ನೆ ‘ಹಳೆಯ ಅಕ್ಷರಗಳು, ಈಗ ಬೇಡ’ ಅಂತ ದಾಟಿಸಿಬಿಡುತ್ತಾರೆ. ಬರೆಯಲು ಬೇಡ, ಸರಿ. ಆದರೆ ನಮ್ಮ ಪದಗಳ ಜಾತಕವೇ ಅವುಗಳಲ್ಲಿ ಇದೆ, ಮಕ್ಕಳಿಗೆ ಅಷ್ಟಾದರೂ ಹೇಳಬೇಕು.

ಹಾಗಾದರೆ ‘ಬಾಯಲ್ಲಿ ನೀರೂರಿತು’?

ಅದು ಮೂರನೆಯದು. ಜಿನುಗು, ಒಸರು ಅನ್ನುವ ಅರ್ಥದ ‘ಊಱು’. ಇದರಲ್ಲೂ ಶಕಟರೇಫ. ತಮಿಳಿನಲ್ಲಿ ಇದು ‘ಊಱು’, ಒಸರುವುದು, ನೆನೆಯುವುದು. ತಮಿಳರ ‘ಊಱುಗಾಯ್’, ತೆಲುಗರ ‘ಊರಗಾಯ’ ಬಂದಿದ್ದು ಇಲ್ಲಿಂದ: ಉಪ್ಪು, ಖಾರದಲ್ಲಿ ನೆನೆದ ಕಾಯಿ. ‘ಊರಿಂದ ಅಮ್ಮ ಕಳಿಸೋ ಕಾಯಿ, ಅದಕ್ಕೆ ಊರಗಾಯಿ’ ಅಂತ ಯಾರೋ ಬರೆದಿದ್ದನ್ನು ನೋಡಿದ್ದೇನೆ. ಅಮ್ಮ ಕಳಿಸೋದು ನಿಜ, ಪದಮೂಲ ಮಾತ್ರ ಅದಲ್ಲ.

ಸಂಸ್ಕೃತದಲ್ಲೂ ‘ಊರು’ ಇದೆಯಲ್ಲ?

ಇದೆ. ಅಲ್ಲಿ ಊರು ಅಂದರೆ ತೊಡೆ. ಭೀಮ ದುರ್ಯೋಧನನ ತೊಡೆ ಮುರಿದಿದ್ದಕ್ಕೆ ‘ಊರುಭಂಗ’ ಅನ್ನುವುದು ಇದರಿಂದಲೇ. ನಮ್ಮ ಊರಿಗೂ ಇದಕ್ಕೂ ನಂಟಿಲ್ಲ.

ಹ್ರಸ್ವದ ‘ಉರು’ ಸಂಸ್ಕೃತದಲ್ಲಿ ಬೇರೆ: ವಿಶಾಲ, ದೊಡ್ಡದು ಅಂತ ಅರ್ಥ. ಭೂಮಿಗೆ ‘ಉರ್ವಿ’ ಅನ್ನುವುದು ಅದಕ್ಕೇ, ವಿಶಾಲವಾದವಳು. ಊರ್ವಶಿಯ ಕಥೆಯಲ್ಲಿ ಇವೆರಡೂ ಸೇರಿಕೊಂಡಿವೆ. ನಾರಾಯಣ ಋಷಿಯ ತೊಡೆಯಿಂದ ಹುಟ್ಟಿದಳು, ಅದಕ್ಕೆ ಊರ್ವಶಿ ಅಂತ ಪುರಾಣ. ಹೆಸರಿನ ಮೊದಲ ಭಾಗ ವಿಶಾಲ ಅನ್ನುವ ‘ಉರು’ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಹೆಸರು ಮೊದಲು ಇತ್ತು, ಅದನ್ನು ವಿವರಿಸಲು ಕಥೆ ಆಮೇಲೆ ಬಂತು ಅನ್ನುವುದು ಇಂಥ ಕಡೆ ಬಹಳ ಸಲ ಆಗುತ್ತದೆ. ಬೆಂದ ಕಾಳಿನ ವಿಷಯದಲ್ಲೂ ಇದನ್ನೇ ನೋಡುತ್ತೀರಿ, ಕೆಳಗೆ ಬರುತ್ತದೆ.

ಕನ್ನಡದಲ್ಲಿ ‘ಉರು ಹೊಡೆಯೋದು’ ಅಂದರೆ ಬಾಯಿಪಾಠ ಮಾಡೋದು. ಕೇರಳದ ಬೇಪೂರಿನಲ್ಲಿ ಮರದಲ್ಲಿ ಕಟ್ಟುವ ದೊಡ್ಡ ಹಡಗಿಗೂ ‘ಉರು’ ಅನ್ನುತ್ತಾರೆ. ಎರಡೂ ಹ್ರಸ್ವ, ಎರಡೂ ಬೇರೆ ವಿಷಯ.

ಅಕ್ಕಪಕ್ಕದ ಭಾಷೆಗಳವರು ನಮ್ಮ ಹಾಗೇ ಬಳಸುತ್ತಾರಾ?

ತಮಿಳರು, ತೆಲುಗರು ಹೆಚ್ಚುಕಮ್ಮಿ ಹಾಗೇ. ತಮಿಳಿನವರು ‘ಸೊಂದ ಊರ್’ ಅನ್ನುತ್ತಾರೆ, ನಾವು ‘ಸ್ವಂತ ಊರು’ ಅನ್ನುತ್ತೇವೆ. ‘ಊರುಕ್ಕು ಪೋರೇನ್’ ಅಂದರೆ ಹಬ್ಬಕ್ಕೆ ಊರಿಗೆ ಹೋಗ್ತಿದೀನಿ ಅಂತಲೇ. ತೆಲುಗಿನಲ್ಲಿ ‘ಮೀದಿ ಏ ಊರು?’ ಅಂತ ಕೇಳುತ್ತಾರೆ. ಬಹುವಚನ ಮಾತ್ರ ಅಲ್ಲಿ ‘ಊಳ್ಳು’ ಆಗುತ್ತದೆ.

ಮಲಯಾಳಿಗಳು ಬೇರೆ. ಕಣ್ಣೂರು, ತಿರೂರು, ಗುರುವಾಯೂರು ಅಂತ ಹೆಸರುಗಳಲ್ಲಿ ಊರು ತುಂಬಿಕೊಂಡಿದೆ, ಆದರೆ ಮಾತಿನಲ್ಲಿ ಸ್ವಂತ ಊರಿಗೆ ಅವರು ‘ನಾಡ್’ ಅನ್ನುತ್ತಾರೆ. ‘ನಾಡ್ ಎವಿಡೆಯಾ?’ ಅನ್ನುವುದು ನಮ್ಮ ‘ಊರು ಯಾವುದು?’. ಅಲ್ಲಿ ಬಿಡಿಯಾಗಿ ‘ಊರ್’ ಅಂದರೆ ಈಗ ಮುಖ್ಯವಾಗಿ ಆದಿವಾಸಿಗಳ ಹಾಡಿ. ಅಟ್ಟಪ್ಪಾಡಿಯಂಥ ಕಡೆ ಹಾಡಿಯ ಜನರ ಸಭೆಗೆ ‘ಊರುಕೂಟ್ಟಂ’ ಅನ್ನುತ್ತಾರೆ, ಹಿರಿಯನಿಗೆ ‘ಊರುಮೂಪ್ಪನ್’. ಚೋಳರ ಕಾಲದಲ್ಲಿ ಕಂಡ ‘ಊರು ಅಂದರೆ ಸಭೆ’ ಅನ್ನುವ ಅರ್ಥ ಇಲ್ಲಿ ಇನ್ನೂ ಉಸಿರಾಡುತ್ತಿದೆ. ಬಹಿಷ್ಕಾರಕ್ಕೆ ಅವರ ಪದ ‘ಊರುವಿಲಕ್ಕ್’.

ಮರಾಠಿ, ಕೊಂಕಣಿಯವರಿಗೆ ಊರು ಇಲ್ಲ. ಗ್ರಾಮದಿಂದ ಬಂದ ‘ಗಾವ್’, ‘ಗಾಂವ್’ ಅದೇ ಕೆಲಸ ಮಾಡುತ್ತದೆ. ಪುಣೆಯಲ್ಲಿ ಮೂರು ತಲೆಮಾರು ಕಳೆದವರನ್ನೂ ‘ತುಮಚಂ ಗಾವ್ ಕೋಣತಂ?’ ಅಂತ ಕೇಳುತ್ತಾರೆ. ಆದರೆ ಹೆಸರುಗಳಲ್ಲಿ ನಮ್ಮ ಊರು ಮಹಾರಾಷ್ಟ್ರದ ಒಳಗೂ ಇದೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರು ಅಂತ ಕರೆದುಕೊಳ್ಳುತ್ತಿದ್ದರು. ಆ ಲಟ್ಟಲೂರನ್ನು ಈಗಿನ ಲಾತೂರು ಅಂತ ಗುರುತಿಸುತ್ತಾರೆ.

ಕರಾವಳಿಯವರದು ಇನ್ನೊಂದು ಸೊಗಸು. ಅಲ್ಲಿ ಊರು ಅನ್ನುವುದು ‘ಇಲ್ಲಿಯದೇ’ ಅನ್ನುವ ಗುಣವಾಚಕ. ಊರ ಕೋಳಿ, ಊರ ಸೌತೆ, ಊರ ಬೆಂಡೆ, ಊರ ದನ. ತುಳುವಿನಲ್ಲಿ ‘ಊರ ಕೋರಿ’. ಬೆಂಗಳೂರಲ್ಲಿ ಅದಕ್ಕೇ ನಾವು ‘ನಾಟಿ ಕೋಳಿ’ ಅನ್ನೋದು. ಕರಾವಳಿಯಿಂದ ಬಂದವರು ಇಲ್ಲಿನ ಅಂಗಡಿಯಲ್ಲಿ ‘ಊರ ಕೋಳಿ ಇದೆಯಾ’ ಅಂತ ಕೇಳಿದರೆ ಅಂಗಡಿಯವರು ‘ಯಾವ ಊರದು?’ ಅಂತ ವಾಪಸ್ ಕೇಳೋದು ಸಹಜ.

ಇರಾಕಿನ ‘ಊರ್’ ನಗರ ನಮ್ಮವರು ಕಟ್ಟಿದ್ದಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಊರ್ ದಕ್ಷಿಣ ಇರಾಕಿನಲ್ಲಿ, ನಾಸಿರಿಯಾ ಹತ್ತಿರ ಇದೆ. ಲಿಯೊನಾರ್ಡ್ ವೂಲಿ ಎಂಬ ಬ್ರಿಟಿಷ್ ಪುರಾತತ್ವಜ್ಞ 1922ರಿಂದ 1934ರವರೆಗೆ ಅಲ್ಲಿ ಅಗೆದ. ರಾಜರ ಗೋರಿಗಳು, ಚಿನ್ನ, ಸಂಗೀತ ವಾದ್ಯಗಳು ಸಿಕ್ಕಿದ್ದು ಆಗಲೇ. ಅದು ಸುಮೇರಿಯನ್ನರ ನಗರ. ಸಿಂಧೂ ಕಣಿವೆಯ ಕಡೆಯಿಂದ ಹೋದ ಕೆಂಪು ಮಣಿಗಳು ಅಲ್ಲಿ ಸಿಕ್ಕಿವೆ, ವ್ಯಾಪಾರ ಇತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ಇಷ್ಟು ಕೇಳಿದ ಕೂಡಲೇ ಜನ ‘ಹಾಗಾದರೆ ಪದವೂ ಹೋಗಿದೆ’ ಅಂತ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಆದರೆ ಸುಮೇರಿಯನ್ ಭಾಷೆಯಲ್ಲಿ ಆ ನಗರದ ಹೆಸರು ‘ಉರಿಮ್’. ಊರ್ ಅನ್ನುವುದು ಆಮೇಲಿನವರ ಬಾಯಲ್ಲಿ ಮೊಟಕಾದ ರೂಪ. ನಿಜವಾಗಿ ಕುತೂಹಲ ಹುಟ್ಟಿಸುವುದು ಇನ್ನೊಂದು ಪದ: ಸುಮೇರಿಯನ್‌ನಲ್ಲಿ ‘ನಗರ’ ಅನ್ನುವುದಕ್ಕೆ ಬರೆಯುತ್ತಿದ್ದ ಚಿಹ್ನೆಯನ್ನು ವಿದ್ವಾಂಸರು ಬಹಳ ಕಾಲ ‘ಉರು’ ಅಂತ ಓದಿದರು. ಉರು ಅಂದರೆ ನಗರ! ಇದನ್ನು ಕೇಳಿದರೆ ಯಾವ ಕನ್ನಡಿಗನಿಗೂ ಮೈ ಜುಮ್ಮೆನ್ನುತ್ತದೆ. ಈಗ ಅದೇ ಚಿಹ್ನೆಯನ್ನು ‘ಇರಿ’ ಅಥವಾ ‘ಎರಿ’ ಎಂದು ಓದುವವರು ಜಾಸ್ತಿ. ಅಷ್ಟೇ ಅಲ್ಲ, ಸುಮೇರಿಯನ್‌ನಲ್ಲಿ ‘ಉರ್’ ಅಂದರೆ ನಾಯಿ. ‘ಉರ್-ಮಾಹ್’ ಅಂದರೆ ದೊಡ್ಡ ನಾಯಿ, ಅದು ಸಿಂಹಕ್ಕೆ ಹೆಸರು. ಅಲ್ಲಿ ದೊಡ್ಡ ಮೆಟ್ಟಿಲುಗೋಪುರ ಕಟ್ಟಿಸಿದ ರಾಜ ಉರ್-ನಮ್ಮುವಿನ ಹೆಸರಿನಲ್ಲಿರುವ ಉರ್ ಕೂಡ ನಗರ ಅಲ್ಲ.

ಸುಮೇರಿಯನ್ ಭಾಷೆಗೆ ಯಾವ ಭಾಷೆಯ ಜೊತೆಗೂ ನಂಟು ಇದುವರೆಗೆ ಸಾಬೀತಾಗಿಲ್ಲ. ಒಂದು ಪದ ಹೊಂದಿದರೆ ನಂಟು ಹೇಳಲು ಆಗುವುದಿಲ್ಲ. ಕನ್ನಡ–ತಮಿಳು ನಂಟು ಹೇಗೆ ಗೊತ್ತಾಗುತ್ತದೆ? ಹಾಲು–ಪಾಲ್, ಹಲ್ಲು–ಪಲ್, ಹಳ್ಳಿ–ಪಳ್ಳಿ, ಹುಲಿ–ಪುಲಿ, ಹತ್ತು–ಪತ್ತು. ಒಂದೇ ನಿಯಮ ನೂರಾರು ಪದಗಳಲ್ಲಿ ಮತ್ತೆ ಮತ್ತೆ ಕೆಲಸ ಮಾಡುತ್ತದೆ. ಎರಡು, ಮೂರು, ಕಣ್ಣು, ಕೈ, ಕಾಲು, ನೀನು, ನಾನು, ಎಲ್ಲವೂ ಹೊಂದುತ್ತವೆ. ಸುಮೇರಿಯನ್ ಜೊತೆ ಆ ಥರ ಸಾಲು ಸಾಲು ಹೊಂದಾಣಿಕೆ ಇಲ್ಲ. ಯಾರಾದರೂ ನಿಮಗೆ ಒಂದು ಪದ ತೋರಿಸಿದರೆ, ಹತ್ತು ತೋರಿಸಿ ಅಂತ ಕೇಳಿ. ಅವು ಒಂದೇ ನಿಯಮಕ್ಕೆ ಒಳಪಡಬೇಕು ಅಂತಲೂ ಹೇಳಿ.

ಸದ್ದೂ ಒಂದೇ, ಅರ್ಥವೂ ಒಂದೇ. ಅದು ಕಾಕತಾಳೀಯ ಹೇಗೆ ಆಗುತ್ತದೆ?

ಆಗುತ್ತದೆ. ಚಿಕ್ಕ ಪದಗಳಲ್ಲಿ ಧಾರಾಳವಾಗಿ ಆಗುತ್ತದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನರ ಭಾಷೆಯಲ್ಲಿ ನಗರಕ್ಕೆ ‘ಹಿರಿ’ ಅನ್ನುತ್ತಾರೆ, ಅವರ ಪಶ್ಚಿಮದ ಉಪಭಾಷೆಯಲ್ಲಿ ಅದು ‘ಉರಿ’. ಹೀಬ್ರೂವಿನಲ್ಲಿ ನಗರಕ್ಕೆ ‘ಈರ್’. ಈಗ ನಮ್ಮ ಊರು, ಸುಮೇರಿಯನ್ನರ ಉರು ಅಥವಾ ಇರಿ, ಬಾಸ್ಕರ ಉರಿ, ಹೀಬ್ರೂವಿನ ಈರ್, ನಾಲ್ಕೂ ಒಂದಕ್ಕೊಂದು ನಂಟು ಸಾಬೀತಾಗದ ಭಾಷೆಗಳು. ನಾಲ್ಕರಲ್ಲೂ ಊರಿಗೆ ಇರುವ ಪದ ಒಂದು ಸ್ವರ ಮತ್ತು ಒಂದು ರಕಾರ. ಮನುಷ್ಯರ ಬಾಯಿ ಹೊರಡಿಸುವ ಸದ್ದುಗಳು ಇರುವುದೇ ಕೆಲವು. ಸಾವಿರಾರು ಭಾಷೆಗಳಲ್ಲಿ ಹುಡುಕಿದರೆ ಎರಡಕ್ಷರದ ಪದಕ್ಕೆ ಜೋಡಿ ಸಿಗದೇ ಇದ್ದರೇ ಆಶ್ಚರ್ಯ. ಅದೇ ಬಾಸ್ಕಿನಲ್ಲಿ ‘ಉರ್’ ಅಂದರೆ ನೀರು, ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹೊಂದಿದ್ದನ್ನು ಎಣಿಸಿ, ಹೊಂದದ್ದನ್ನು ಬಿಟ್ಟುಬಿಟ್ಟರೆ ಏನು ಬೇಕಾದರೂ ಸಾಬೀತು ಮಾಡಬಹುದು.

ಜೆರುಸಲೇಮ್ ಅಂದರೆ ‘ಊರು ಸಲೀಂ’ ಅನ್ನುವುದೂ ಇದೇ ಸಾಲಿಗೆ ಸೇರಿದ್ದು. ಕ್ರಿಸ್ತಪೂರ್ವ 14ನೇ ಶತಮಾನದ ಅಮರ್ನಾ ಪತ್ರಗಳಲ್ಲಿ ಆ ಹೆಸರು ‘ಉರುಸಲಿಮ್’ ಅಂತ ಇರುವುದು ನಿಜ. ಆದರೆ ಅದರ ಮೊದಲ ಭಾಗ ‘ಅಡಿಪಾಯ ಹಾಕು’ ಅನ್ನುವ ಸೆಮಿಟಿಕ್ ಧಾತು, ಎರಡನೆಯದು ಶಾಲಿಮ್ ಎಂಬ ದೇವರ ಹೆಸರು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಯುರೋಪಿನ ಬೇರೆ ಭಾಷೆಗಳಲ್ಲಿ?

ಜರ್ಮನ್‌ನಲ್ಲಿ ‘ಉರ್’ ಪದದ ಮುಂದೆ ಹತ್ತಿಕೊಳ್ಳುತ್ತದೆ, ಮೂಲದ, ಬಹಳ ಹಿಂದಿನ ಅಂತ ಅರ್ಥ. ‘ಉರ್‌ವಾಲ್ಡ್’ ಆದಿಕಾಲದ ಕಾಡು, ‘ಉರ್‌ಗ್ರೋಸ್‌ಫಾಟರ್’ ಮುತ್ತಜ್ಜ. ಹಂಗೇರಿಯಲ್ಲಿ ‘ಊರ್’ ಅಂದರೆ ಒಡೆಯ, ಯಜಮಾನರು. ಟರ್ಕಿಯಲ್ಲಿ ‘ಉರ್’ ಅಂದರೆ ಗೆಡ್ಡೆ, ಡಾಕ್ಟರು ಹೇಳುವ ಟ್ಯೂಮರ್. ಹಳೆಯ ಇಂಗ್ಲಿಷಿನಲ್ಲಿ ‘ಊರ್’ ಅಂದರೆ ಯುರೋಪಿನ ಕಾಡುದನ. ಆ ತಳಿಯ ಕೊನೆಯದು ಪೋಲೆಂಡಿನಲ್ಲಿ 1627ರಲ್ಲಿ ಸತ್ತಿತು.

ಇವುಗಳಲ್ಲಿ ನನಗೆ ಹೆಚ್ಚು ಖುಷಿ ಕೊಡುವುದು ಗಡಿಯಾರ. ಜರ್ಮನ್‌ನಲ್ಲಿ ಗಡಿಯಾರಕ್ಕೆ ‘ಊರ್’, ನಮ್ಮ ಊರಿನಷ್ಟೇ ದೀರ್ಘ. ಅದು ಲ್ಯಾಟಿನ್ನಿನ ‘ಹೋರಾ’ದಿಂದ ಬಂತು, ಲ್ಯಾಟಿನ್ನಿಗೆ ಗ್ರೀಕಿನಿಂದ. ಇಂಗ್ಲಿಷಿನ ‘ಅವರ್’ ಕೂಡ ಅಲ್ಲಿಂದಲೇ. ಅದೇ ಗ್ರೀಕ್ ಪದ ಜ್ಯೋತಿಷ್ಯದ ಜೊತೆ ಭಾರತಕ್ಕೂ ಬಂತು. ನಮ್ಮ ಜೋಯಿಸರು ‘ಈಗ ಗುರು ಹೋರೆ, ಒಳ್ಳೇದು’ ಅನ್ನುತ್ತಾರಲ್ಲ, ಆ ಹೋರೆ! ಆರನೇ ಶತಮಾನದ ವರಾಹಮಿಹಿರ, ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ಹೋರಾ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ ಅಂತ ಬರೆದಿದ್ದಾನೆ. ಪದಕ್ಕೆ ಮನೆಯಲ್ಲೇ ಮೂಲ ಹುಡುಕುವ ಆಸೆ ಆಗಲೂ ಇತ್ತು. ನೋಡಿ, ಕನ್ನಡದ ಊರು ಮತ್ತು ಜರ್ಮನ್ನರ ಊರ್ ಒಂದೇ ಸದ್ದು, ನಂಟಿಲ್ಲ. ಜರ್ಮನ್ನರ ಊರ್ ಮತ್ತು ನಮ್ಮ ಪಂಚಾಂಗದ ಹೋರೆ ಸದ್ದೇ ಬೇರೆ, ಆದರೆ ಒಂದೇ ತಾಯಿಯ ಮಕ್ಕಳು.

ಉರ್ದು, ಉರುಸ್, ದೇವರಾಜ ಅರಸರ ‘ಅರ್ಸ್’?

ಮೂರಕ್ಕೂ ಊರಿನ ಜೊತೆ ನಂಟಿಲ್ಲ. ಉರ್ದು ಬಂದಿದ್ದು ತುರ್ಕಿ ಭಾಷೆಗಳ ‘ಒರ್ದು’ವಿನಿಂದ, ಸೈನ್ಯದ ಬಿಡಾರ ಅಂತ ಅರ್ಥ. ದರ್ಗಾಗಳ ಉರುಸ್ ಅರಬ್ಬಿಯಲ್ಲಿ ಮದುವೆ. ಸಂತ ತೀರಿಕೊಂಡ ದಿನ ಆತ ದೇವರನ್ನು ಸೇರಿದ ದಿನ, ಅದಕ್ಕೆ ಆ ಹೆಸರು. ಮೂರನೆಯದು ನಮ್ಮದೇ ‘ಅರಸು’, ಇಂಗ್ಲಿಷ್ ಬರವಣಿಗೆಯಲ್ಲಿ (Urs) ಹಾಗೆ ಕಾಣಿಸುತ್ತದೆ ಅಷ್ಟೇ.

ಬೆಂದ ಕಾಳಿನ ಊರು, ಅದಕ್ಕೇ ಬೆಂಗಳೂರು ಅನ್ನೋದು ನಿಜಾನಾ?

ಕಥೆ ಚೆನ್ನಾಗಿದೆ. ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಜಾಗಕ್ಕೆ ಬೆಂದಕಾಳೂರು ಅಂತ ಹೆಸರಾಯಿತು. ಇದನ್ನು ಹೇಳುವವರು ಇಟ್ಟುಕೊಳ್ಳುವ ಬಲ್ಲಾಳ 12ನೇ ಶತಮಾನದ ಕೊನೆಯವನು. ಆದರೆ ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಅದು ಸುಮಾರು ಕ್ರಿ.ಶ. 890ರದ್ದು. ಅಜ್ಜಿ ಕಾಳು ಬೇಯಿಸುವ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು, ಅಲ್ಲಿ ಯುದ್ಧವೂ ಆಗಿತ್ತು. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದ್ದು ಇನ್ನೂ ಎಷ್ಟೋ ಆಮೇಲೆ.

ಬೆಂಗಾವಲಿನವರ ಊರು ಅನ್ನುವುದು ಇನ್ನೊಂದು ವಾದ. ‘ಬೆಂಗ’ ಮರದಿಂದ ಬಂತು ಅನ್ನುವುದು ಮತ್ತೊಂದು. ಕೊನೆಯ ಭಾಗ ಊರು ಅನ್ನುವುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಬೇಗೂರಿಗೆ ಹೋಗಿ ಆ ಕಲ್ಲನ್ನು ನೋಡಿ ಬನ್ನಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರಿಗೆ ದೂರವೇನಲ್ಲ.

ಬ್ಯಾಂಗಲೋರ್, ಮೈಸೋರ್ ಅಂತ ‘ಓರ್’ ಹೇಗೆ ಬಂತು? ಸಿಂಗಪೋರ್ ಕೂಡ ಊರೇನಾ?

ವಸಾಹತು ಕಾಲದ ಕಾಗುಣಿತ ಅದು. ವೆಲ್ಲೋರ್, ನೆಲ್ಲೋರ್, ಕೊಯಮತ್ತೋರ್, ಮ್ಯಾಂಗಲೋರ್ ಎಲ್ಲವೂ ಊರುಗಳೇ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಬದಲಾಯಿತು. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಚಿಕ್ಕಮಗಳೂರುಗಳಿಗೆ ಕೊನೆಯ ‘ಉ’ ವಾಪಸ್ ಬಂತು. ನನ್ನ ಮಟ್ಟಿಗೆ ಅದು ಒಳ್ಳೆಯ ಕೆಲಸ.

ಸಿಂಗಪೋರ್ ಮಾತ್ರ ‘ಸಿಂಹಪುರ’, ಅದು ಪುರದ ಮನೆತನ. ರಾಜಸ್ಥಾನದ ಚಿತ್ತೋರ್ ಬಂದಿದ್ದು ಚಿತ್ರಕೂಟದಿಂದ. ಆಂಧ್ರದ ಚಿತ್ತೂರು ನಮ್ಮ ಊರು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ನಂಟೇ ಇಲ್ಲ.

ಊರು–ಕೇರಿ ಅಂತ ಯಾಕೆ ಎರಡು ಪದ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಕೇರಿ ಅಂದರೆ ಬೀದಿ, ಓಣಿ. ಆದರೆ ನಮ್ಮ ಹಳ್ಳಿಗಳಲ್ಲಿ ‘ಊರಿನವರು’, ‘ಕೇರಿಯವರು’ ಅಂದಾಗ ಅರ್ಥ ಬೇರೆ. ಊರು ಅಂದರೆ ಮೇಲ್ಜಾತಿಯವರ ಮನೆಗಳು, ಕೇರಿ ಅಂದರೆ ದಲಿತರ ಮನೆಗಳು, ಸ್ವಲ್ಪ ದೂರದಲ್ಲಿ. ತಮಿಳಿನಲ್ಲೂ ‘ಊರ್’ ಮತ್ತು ‘ಚೇರಿ’ ಅಂತ ಇದೇ ಭಾಗ. ಚೇರಿ ನಮ್ಮ ಕೇರಿಯದೇ ತಮಿಳು ರೂಪ. ಜಾಗವೂ ಜನವೂ ತೀರ್ಮಾನ ಮಾಡುವವರೂ ಊರೇ ಅಂತ ಮೇಲೆ ಹೇಳಿದೆನಲ್ಲ, ಆ ಮೂರರಿಂದಲೂ ಕೇರಿಯವರನ್ನು ಹೊರಗಿಟ್ಟಿದ್ದರು. ಊರಿನ ಬಾವಿ, ಊರಿನ ದೇವಸ್ಥಾನ ಅಂದಾಗ ಯಾವ ಊರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಈ ಪದದ ಬಗ್ಗೆ ಪ್ರೀತಿಯಿಂದ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಿದರೆ ಅರ್ಧ ಸುಳ್ಳು ಹೇಳಿದ ಹಾಗೆ. ಬೆಂಗಳೂರಿಗೆ ಬಂದವರಲ್ಲಿ ‘ನಿಮ್ಮೂರು ಯಾವುದು?’ ಅನ್ನುವ ಪ್ರಶ್ನೆಯ ಹಿಂದೆ ಜಾತಿ ಕೇಳುತ್ತಿದ್ದಾರೆ ಅಂತ ಮುಜುಗರ ಪಡುವವರು ಇದ್ದಾರೆ, ಆ ಮುಜುಗರಕ್ಕೆ ಕಾರಣವೂ ಇದೆ.

ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಲ್ಲೇ. ‘ಬೆಂಗಳೂರು’ ಅಂದರೆ ‘ಅದಲ್ಲ, ಮೂಲ ಊರು?’ ಅನ್ನುತ್ತಾರೆ. ಏನು ಹೇಳಲಿ?

ಬೆಂಗಳೂರು ಅಂತಲೇ ಹೇಳಿ. ‘ಹುಟ್ಟೂರು’, ‘ತವರೂರು’ ಅಂತ ಕನ್ನಡದಲ್ಲಿ ಬೇರೆ ಬೇರೆ ಪದಗಳು ಇರುವುದೇ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಊರು ಇರಬಹುದು ಅನ್ನುವುದಕ್ಕೆ. ಇತ್ತೀಚೆಗೆ ‘ನೇಟಿವ್ ಯಾವುದು?’, ‘ನೇಟಿವ್‌ಗೆ ಹೋಗಿದ್ದೆ’ ಅನ್ನುವುದು ಜಾಸ್ತಿಯಾಗಿದೆ. ನನಗೆ ಅದು ಒಗ್ಗುವುದಿಲ್ಲ. ಊರಿಗೆ ಹೋಗಿದ್ದೆ ಅಂದರೆ ಸಾಕಲ್ವಾ? ಯುಗಾದಿ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದು ನಿಂತವರನ್ನು ಎಲ್ಲಿಗೆ ಅಂತ ಕೇಳಿ, ಹೆಚ್ಚಿನವರು ಜಾಗದ ಹೆಸರು ಹೇಳುವುದಿಲ್ಲ, ‘ಊರಿಗೆ’ ಅನ್ನುತ್ತಾರೆ.

ಇಲ್ಲೇ ತಲೆಮಾರುಗಳಿಂದ ಇರುವವರಿಗೂ ಊರಿದೆ. ವರ್ತೂರು, ಬೇಗೂರು, ಅತ್ತೂರು ಎಲ್ಲ ಅಪಾರ್ಟ್‌ಮೆಂಟ್‌ಗಳಿಗೂ ಮೊದಲಿನ ಊರುಗಳು. ಲೇಔಟ್‌ಗಳ ನಡುವೆ ಸಿಕ್ಕಿಕೊಂಡ ಹಳೇ ಊರುಗಳಲ್ಲಿ ಈಗಲೂ ವರ್ಷಕ್ಕೊಮ್ಮೆ ಊರಹಬ್ಬ ನಡೆಯುತ್ತದೆ.

ನಮ್ಮ ಏರಿಯಾದ ಹೆಸರಿನ ಮೂಲ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ?

ಈಗಿನ ರೂಪದಿಂದ ಶುರು ಮಾಡಬೇಡಿ. ಸಿಗುವುದರಲ್ಲಿ ಅತಿ ಹಳೆಯ ಬರವಣಿಗೆ ಹುಡುಕಿ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಸಂಗ್ರಹಿಸಿದ ಸಂಪುಟ 1905ರಲ್ಲೇ ಬಂದಿದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದ್ದಾರೆ, ಅದನ್ನೂ ನೋಡಿ. ದೊಮ್ಮಲೂರಿನ ಉದಾಹರಣೆ ತಗೊಳ್ಳಿ. ಈಗಿನ ಹೆಸರು ನೋಡಿ ‘ದೊಮ್ಮ’ ಅಂದರೇನು ಅಂತ ತಲೆ ಕೆಡಿಸಿಕೊಂಡರೆ ದಾರಿ ತಪ್ಪುತ್ತೀರಿ. ಅಲ್ಲಿನ ಚೊಕ್ಕನಾಥ ದೇವಸ್ಥಾನದ ತಮಿಳು ಶಾಸನಗಳಲ್ಲಿ ಅದು ‘ತೊಂಬಲೂರು’. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಆಮೇಲೆ ಊರಿನ ಹಿರಿಯರು ಹೇಗೆ ಹೇಳುತ್ತಾರೆ ಕೇಳಿಸಿಕೊಳ್ಳಿ, ಬೋರ್ಡಿನಲ್ಲಿ ಇರುವುದಕ್ಕಿಂತ ಅವರ ಬಾಯಲ್ಲಿ ಹಳೆಯ ರೂಪ ಉಳಿದಿರುವ ಸಂಭವ ಹೆಚ್ಚು. ಕೆರೆ, ಮರ, ದೇವಸ್ಥಾನ ಯಾವುದು ಹಳೆಯದು ಅಂತ ವಿಚಾರಿಸಿ. ಇಂಗ್ಲಿಷ್ ಕಾಗುಣಿತವನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ಒಂದು ರಾಜ, ಒಬ್ಬ ಅಜ್ಜಿ, ಒಂದು ಮಾತು, ಅದರಿಂದ ಊರಿಗೆ ಹೆಸರು ಅನ್ನುವ ಕಥೆ ಸಿಕ್ಕಿದರೆ ಅದನ್ನೂ ಬರೆದುಕೊಳ್ಳಿ, ಆದರೆ ಪಕ್ಕದಲ್ಲಿ ಆ ರಾಜನ ಕಾಲವನ್ನೂ ಶಾಸನದ ಕಾಲವನ್ನೂ ಬರೆದು ಹೋಲಿಸಿ.